‘ಪ್ಯಾನಿಕ್’ ಎಂದು ಬರೆದು ಸತ್ತವರ ತಲೆಗೆ ತಪ್ಪು ಕಟ್ಟಬೇಡಿ

ಮಾನ್ಯ ಸಂಪಾದಕರೆ,

ಜಾತ್ರೆಯಲ್ಲಿ ಜನ ಸತ್ತರೆ ‘ಪ್ಯಾನಿಕ್’. ಬ್ಯಾಂಕಿನ ಮುಂದೆ ಸಾಲು ನಿಂತರೆ ‘ಪ್ಯಾನಿಕ್’. ಅಂಗಡಿಯಲ್ಲಿ ಅಕ್ಕಿ-ಬೇಳೆ ಖಾಲಿಯಾದರೆ ‘ಪ್ಯಾನಿಕ್’. ಎದೆ ಹೊಡೆದುಕೊಳ್ಳುತ್ತಿದೆ ಎಂದು ಆಸ್ಪತ್ರೆಗೆ ಓಡಿದವರಿಗೂ ‘ಪ್ಯಾನಿಕ್’, ಬಸ್ಸಿನೊಳಗಿನ ಕೆಂಪು ಗುಂಡಿಗೂ ‘ಪ್ಯಾನಿಕ್’. ನಮ್ಮ ಪತ್ರಿಕೆಗಳಲ್ಲಿ ಈ ಇಂಗ್ಲಿಷ್ ಪದ ಎರಡು ವೇಷದಲ್ಲಿ ಬರುತ್ತದೆ: ಒಮ್ಮೆ ಕನ್ನಡ ಲಿಪಿಯಲ್ಲಿ ಇದ್ದ ಹಾಗೆಯೇ, ಇನ್ನೊಮ್ಮೆ ‘ಭಯಭೀತರಾದ ಜನ’, ‘ಆತಂಕಗೊಂಡ ಸಾರ್ವಜನಿಕರು’ ಎಂಬ ಅನುವಾದದಲ್ಲಿ. ಪರಭಾಷೆಯ ಪದ ಬಂತಲ್ಲ ಎಂಬ ಕೊರಗು ನನಗಿಲ್ಲ. ಬಸ್ಸು, ಟಿಕೆಟ್ಟು ಬಂದ ಹಾಗೆ ಅದೂ ಬರಲಿ. ಆದರೆ ಈ ಪದ ಹೊಟ್ಟೆಯೊಳಗೆ ಒಂದು ಆರೋಪವನ್ನು ಇಟ್ಟುಕೊಂಡು ಬರುತ್ತದೆ. ಹೆದರುವುದಕ್ಕೆ ಕಾರಣವೇ ಇರಲಿಲ್ಲ, ಆದರೂ ಇವರು ಬುದ್ಧಿಗೆಟ್ಟು ಹೆದರಿದರು ಎಂಬ ಆರೋಪ. ಯಾರ ಮೇಲೆ ಅದನ್ನು ಹೊರಿಸುತ್ತಿದ್ದೇವೆ ಎಂಬುದನ್ನು ಸುದ್ದಿಮನೆ ಗಮನಿಸಬೇಕು ಎಂದು ಈ ಪತ್ರ ಬರೆಯುತ್ತಿದ್ದೇನೆ.

ಆರೋಪ ಹುಟ್ಟಿನಿಂದಲೇ ಬಂದದ್ದು. ದಕ್ಷಿಣ ಗ್ರೀಸಿನ ಪೆಲೊಪೊನೀಸ್ ಪ್ರಾಂತ್ಯದಲ್ಲಿ ಅರ್ಕೇಡಿಯಾ ಎಂಬ ಗುಡ್ಡಗಾಡು ಸೀಮೆ ಇದೆ. ಕುರಿ, ಆಡು ಮೇಯಿಸುವವರ ನಾಡು. ಅವರ ದೇವರು ಪ್ಯಾನ್: ಸೊಂಟದಿಂದ ಮೇಲೆ ಮನುಷ್ಯ, ಕೆಳಗೆ ಹೋತ, ತಲೆಯಲ್ಲಿ ಕೊಂಬು, ಕೈಯಲ್ಲಿ ಜೊಂಡಿನ ಕೊಳಲು. ನಡುಹಗಲಿನಲ್ಲಿ ಅವನು ಮಲಗಿರುತ್ತಾನೆ, ಆಗ ಕೊಳಲೂದಿ ಎಬ್ಬಿಸಬಾರದು ಎಂದು ಕುರಿಗಾಹಿಗಳು ಅಂಜುತ್ತಿದ್ದರು. ಮಟಮಟ ಮಧ್ಯಾಹ್ನ ಹುಣಸೆಮರದ ಕೆಳಗೆ ಹೋಗಬೇಡ, ಗಾಳಿ ಸೋಕೀತು ಎನ್ನುವ ನಮ್ಮ ಹಳ್ಳಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿರ್ಜನ ಕಣಿವೆಯಲ್ಲಿ ಎಲ್ಲಿಂದಲೋ ಸದ್ದು ಬಂದು, ಕಣ್ಣಿಗೆ ಏನೂ ಬೀಳದಿದ್ದರೂ ಇಡೀ ಮಂದೆ ಒಮ್ಮೆಗೇ ಕಿತ್ತು ಓಡಿದರೆ ಅದು ಪ್ಯಾನನ ಕೆಲಸ. ಗ್ರೀಕಿನಲ್ಲಿ ‘ಪ್ಯಾನಿಕೋನ್’ ಎಂದರೆ ಪ್ಯಾನನಿಗೆ ಸೇರಿದ್ದು, ಪ್ಯಾನನಿಂದ ಬಂದ ದಿಗಿಲು. ಕೊರೊನಾ ಕಾಲದಲ್ಲಿ ಕೆಲವರು ಪ್ಯಾನಿಕ್, ಪ್ಯಾಂಡೆಮಿಕ್ ಎರಡನ್ನೂ ಒಂದೇ ಬೇರಿಗೆ ಕಟ್ಟಿದರು. ಅದು ತಪ್ಪು. ಪ್ಯಾಂಡೆಮಿಕ್‌ನಲ್ಲಿರುವುದು ‘ಎಲ್ಲ’ ಎಂಬ ಅರ್ಥದ ಗ್ರೀಕ್ ಪದ, ಪ್ಯಾನಿಕ್‌ನಲ್ಲಿರುವುದು ದೇವರ ಹೆಸರು.

ಮಂದೆಯಿಂದ ಈ ಮಾತು ದಂಡಿಗೆ ದಾಟಿತು. ಕ್ರಿ.ಪೂ. 279ರಲ್ಲಿ ಗಾಲ್ ಬುಡಕಟ್ಟು ಜನರ ಸೇನೆ ಗ್ರೀಸಿನ ದೇಗುಲದೂರು ಡೆಲ್ಫಿಯ ಮೇಲೆ ಏರಿಹೋಗಿ ಸೋತು ಹಿಂದಿರುಗುತ್ತಿತ್ತು. ರಾತ್ರಿಯ ಬೀಡಿನಲ್ಲಿ ಕೆಲವರಿಗೆ ಕುದುರೆಯ ಗೊರಸಿನ ಸದ್ದು ಕೇಳಿದಂತಾಯಿತು. ಕ್ಷಣದಲ್ಲಿ ಬೀಡಿಗೆ ಬೀಡೇ ಕೆಟ್ಟು, ತಮ್ಮವರ ಮಾತೇ ಪರಭಾಷೆಯಾಗಿ ಕೇಳಿ, ಒಬ್ಬರನ್ನೊಬ್ಬರು ಶತ್ರುವೆಂದು ಕಡಿದುಕೊಂಡರು ಎಂದು ಕ್ರಿ.ಶ. ಎರಡನೇ ಶತಮಾನದ ಗ್ರೀಕ್ ಪ್ರವಾಸಿ ಲೇಖಕ ಪೌಸೇನಿಯಸ್ ಬರೆದಿದ್ದಾನೆ. ಕಾರಣವಿಲ್ಲದ ದಿಗಿಲು ಪ್ಯಾನನಿಂದ ಬರುತ್ತದೆ ಎಂಬ ಮಾತನ್ನೂ ಅವನು ಅಲ್ಲಿಯೇ ಹೇಳುತ್ತಾನೆ. ‘ಕಾರಣವಿಲ್ಲದ’ ಎಂಬ ಈ ವಿಶೇಷಣ ಎರಡು ಸಾವಿರ ವರ್ಷದಿಂದ ಪದಕ್ಕೆ ಅಂಟಿಕೊಂಡೇ ಬಂದಿದೆ.

ಗ್ರೀಕರು ಇದಕ್ಕೆ ಮದ್ದನ್ನೂ ಕಂಡುಕೊಂಡಿದ್ದರು. ಕ್ರಿ.ಪೂ. ನಾಲ್ಕನೇ ಶತಮಾನದಲ್ಲಿ ಕೋಟೆ ಕಾಯುವ ಬಗ್ಗೆ ಬರೆದ ಈನಿಯಸ್ ಕೊಡುವ ಉಪಾಯ ಹೀಗಿದೆ: ರಾತ್ರಿ ಗದ್ದಲವೆದ್ದರೆ ಎಲ್ಲರೂ ಇದ್ದಲ್ಲೇ ನಿಂತು ಸ್ತೋತ್ರದ ಹಾಡು ಹಾಡಬೇಕು, ಇಲ್ಲವೇ ‘ಇದು ಪ್ಯಾನಿಕ್’ ಎಂದು ಪಕ್ಕದವನಿಗೆ ಹೇಳಿ ಸುದ್ದಿ ದಾಟಿಸಬೇಕು. ಎಲ್ಲಿಂದ ಮರುದನಿ ಬರುವುದಿಲ್ಲವೋ ಅಲ್ಲಿ ನಿಜವಾಗಿ ಏನೋ ಆಗಿದೆ ಎಂದು ತಿಳಿಯಬೇಕು. ಇದಕ್ಕೂ ಜಾಣತನದ ಉಪಾಯ ಕ್ರಿ.ಪೂ. 401ರದು. ಪರ್ಷಿಯಾದ ನೆಲದಲ್ಲಿ ಸಿಕ್ಕಿಬಿದ್ದಿದ್ದ ಗ್ರೀಕ್ ಕೂಲಿಸೇನೆಯ ಬೀಡಿನಲ್ಲಿ ರಾತ್ರಿ ಗದ್ದಲವೆದ್ದಾಗ ದಳಪತಿ ಕ್ಲಿಯಾರ್ಕಸ್ ಡಂಗುರದವನನ್ನು ಕರೆಸಿ, ‘ಆಯುಧ ಇಟ್ಟಲ್ಲಿಗೆ ಕತ್ತೆ ಬಿಟ್ಟವನು ಯಾರೆಂದು ಹೇಳಿದವನಿಗೆ ಒಂದು ತಲಾಂತು (ಗ್ರೀಕರ ದೊಡ್ಡ ತೂಕದ ಅಳತೆ) ಬೆಳ್ಳಿ ಬಹುಮಾನ’ ಎಂದು ಸಾರಿಸಿದ. ಸದ್ದು ಕತ್ತೆಯದ್ದೇ ಇರಬೇಕು, ನಾಯಕರು ಎಚ್ಚರವಾಗಿಯೇ ಇದ್ದಾರೆ, ಇವೆರಡೂ ಸೈನಿಕರಿಗೆ ಒಂದೇ ಮಾತಿನಲ್ಲಿ ತಿಳಿದವು. ಬೀಡು ತಣ್ಣಗಾಯಿತು. ಆ ಸೇನೆಯಲ್ಲಿದ್ದ ಜೆನೊಫೋನ್ ಬರೆದಿಟ್ಟದ್ದು ಇದು. ‘ಹೆದರಬೇಡಿ’ ಎಂಬ ಪದವೇ ಆ ಡಂಗುರದಲ್ಲಿ ಇರಲಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಇಂಗ್ಲಿಷಿಗೆ ಪದ ಬಂದದ್ದು ಫ್ರೆಂಚಿನ ಮೂಲಕ, 17ನೇ ಶತಮಾನ ಮೊದಲಾಗುವ ಹೊತ್ತಿಗೆ. ಆಗ ಅದು ಬರೀ ವಿಶೇಷಣ: ‘ಪ್ಯಾನಿಕ್ ಫಿಯರ್’, ‘ಪ್ಯಾನಿಕ್ ಟೆರರ್’ ಎನ್ನುತ್ತಿದ್ದರು. ಮುಂದಿನ ಶತಮಾನದಲ್ಲಿ ವಿಶೇಷ್ಯ ಉದುರಿಹೋಗಿ ‘ಪ್ಯಾನಿಕ್’ ಒಂದೇ ನಾಮಪದವಾಯಿತು, 19ನೇ ಶತಮಾನದಲ್ಲಿ ಕ್ರಿಯಾಪದವೂ ಆಯಿತು. ಭೂತಕಾಲದ ರೂಪ ಬರೆಯುವಾಗ ಇಂಗ್ಲಿಷಿನಲ್ಲಿ ಕೊನೆಯ ‘ಸಿ’ ಅಕ್ಷರದ ನಂತರ ಒಂದು ‘ಕೆ’ ಸೇರಿಸಬೇಕು. ಇಲ್ಲವಾದರೆ ಓದುವಾಗ ಕಕಾರ ಸಕಾರವಾಗಿಬಿಡುತ್ತದೆ. ಪಿಕ್‌ನಿಕ್, ಮಿಮಿಕ್, ಟ್ರಾಫಿಕ್ ಪದಗಳಿಗೂ ಇದೇ ಕಟ್ಟಳೆ. ನಮ್ಮ ಶಾಲೆಯ ಮಕ್ಕಳು ಈ ‘ಕೆ’ಯನ್ನು ಬಿಟ್ಟು ಅಂಕ ಕಳೆದುಕೊಳ್ಳುತ್ತಾರೆ.

ಇಲ್ಲಿ ಕೃಷಿ ಪುಟದವರಿಗೆ ಒಂದು ಮಾತು. ಇಂಗ್ಲಿಷಿನಲ್ಲಿ ‘ಪ್ಯಾನಿಕ್ ಗ್ರಾಸ್’ ಎಂಬ ಹುಲ್ಲಿನ ಹೆಸರಿದೆ. ಅದಕ್ಕೂ ಭಯಕ್ಕೂ ನಂಟಿಲ್ಲ. ಅದು ಲ್ಯಾಟಿನ್ನಿನ ‘ಪ್ಯಾನಿಕಂ’, ಅಂದರೆ ಒಂದು ಬಗೆಯ ಸಿರಿಧಾನ್ಯ. ನಮ್ಮ ಸಾಮೆಯ ಶಾಸ್ತ್ರೀಯ ಹೆಸರು ಪ್ಯಾನಿಕಂ ಸುಮಾಟ್ರೆನ್ಸ್, ಬರಗಿನದು ಪ್ಯಾನಿಕಂ ಮಿಲಿಯೇಸಿಯಂ. ಯಂತ್ರಾನುವಾದಕ್ಕೆ ಕೊಟ್ಟು ‘ಭೀತಿ ಹುಲ್ಲು’ ಎಂದು ಅಚ್ಚು ಹಾಕುವ ಮೊದಲು ಇದು ತಿಳಿದಿರಲಿ.

ಇನ್ನು ಕನ್ನಡ. ನಮ್ಮಲ್ಲಿ ಹೆದರಿಕೆಗೆ ಪದಗಳ ಬರವಿಲ್ಲ, ಬರ ಇರುವುದು ಅವನ್ನು ಬೇರೆಬೇರೆಯಾಗಿ ಬಳಸುವ ವ್ಯವಧಾನಕ್ಕೆ. ‘ಭಯ’, ‘ಹೆದರಿಕೆ’ ಎಲ್ಲಕ್ಕೂ ಸಲ್ಲುವ ಪದಗಳು. ಅವುಗಳಲ್ಲಿ ಹಠಾತ್ ಎಂಬ ಸೂಚನೆ ಇಲ್ಲ. ‘ಅಂಜಿಕೆ’ಯಲ್ಲಿ ತುಸು ಗೌರವ ಬೆರೆತಿದೆ, ಹಿರಿಯರಿಗೆ ಅಂಜುತ್ತೇವೆ. ‘ಅಳುಕು’ ಎಂದರೆ ಕಾಲು ಮುಂದಿಡಲು ಹಿಂಜರಿಕೆ. ‘ಆತಂಕ’ ಮುಂದೆ ಆಗಬಹುದಾದದ್ದರ ಬಗ್ಗೆ, ದಿನಗಟ್ಟಲೆ ಇರಬಹುದು. ‘ದಿಗಿಲು’ ಒಮ್ಮೆಗೇ ಬಡಿಯುತ್ತದೆ, ಆಮೇಲೂ ಹೊಟ್ಟೆಯಲ್ಲಿ ಉಳಿಯುತ್ತದೆ. ‘ಬೆಚ್ಚಿಬೀಳು’, ‘ಹೌಹಾರು’ ಆ ಒಂದು ಕ್ಷಣದವು. ‘ಕಕ್ಕಾಬಿಕ್ಕಿ’ಯಲ್ಲಿ ಭಯಕ್ಕಿಂತ ಗೊಂದಲ ಹೆಚ್ಚು. ‘ದಿಕ್ಕಾಪಾಲು’ ಮನಸ್ಸಿನ ಮಾತೇ ಅಲ್ಲ, ಓಡಿದ ರೀತಿ. ಪ್ಯಾನನ ಮಂದೆಗೆ ಅಳತೆ ತೆಗೆದು ಹೊಲಿದಂತಿರುವ ಪದ ‘ಬೆದರು’: ಎತ್ತು ಬೆದರಿತು, ದನಗಳೆಲ್ಲ ಬೆದರಿ ಓಡಿದವು ಎನ್ನುತ್ತೇವೆ. ಹೊಲದ ಬೆದರುಬೊಂಬೆಯಲ್ಲಿರುವುದೂ ಅದೇ. ಬೊಂಬೆ ಏನೂ ಮಾಡಲಾರದು, ಹಕ್ಕಿ ಬೆದರುತ್ತದೆ. ಮನುಷ್ಯರಿಗೆ ಬಳಸುವಾಗ ಪ್ಯಾನಿಕ್‌ಗೆ ತೀರ ಹತ್ತಿರ ಬರುವುದು ‘ಗಾಬರಿ’. ಮರಾಠಿಯ ‘ಘಾಬರಣೆ’, ಹಿಂದಿಯ ‘ಘಬರಾನಾ’ ಇದರ ನೆಂಟರು. ಹಠಾತ್ತಾಗಿ ಬರುವುದು, ಕೈಕಾಲು ಆಡದಿರುವುದು ಅಥವಾ ಅಡ್ಡಾದಿಡ್ಡಿ ಆಡುವುದು, ಒಬ್ಬರಿಂದ ಇನ್ನೊಬ್ಬರಿಗೆ ಹತ್ತುವುದು ಎಲ್ಲವೂ ಅದರಲ್ಲಿದೆ. ಒಂದು ಮಾತ್ರ ಇಲ್ಲ: ಕಾರಣ ಇರಲಿಲ್ಲ ಎಂಬ ತೀರ್ಪು. ಮನೆಗೆ ಬೆಂಕಿ ಬಿದ್ದಾಗಲೂ ಗಾಬರಿಯಾಗುತ್ತದೆ, ಬೆಕ್ಕು ಪಾತ್ರೆ ಬೀಳಿಸಿದಾಗಲೂ ಗಾಬರಿಯಾಗುತ್ತದೆ.

ವಾಕ್ಯ ಕಟ್ಟುವ ರೀತಿಯಲ್ಲೂ ವ್ಯತ್ಯಾಸವಿದೆ. ‘ನನಗೆ ಗಾಬರಿಯಾಯಿತು’ ಎಂದಾಗ ಗಾಬರಿ ಎಲ್ಲಿಂದಲೋ ನನಗೆ ಬಂತು, ನಾನು ಚತುರ್ಥಿ ವಿಭಕ್ತಿಯಲ್ಲಿದ್ದೇನೆ. ‘ಅವರು ಪ್ಯಾನಿಕ್ ಆದರು’ ಎಂದಾಗ ಅವರೇ ಕರ್ತೃ, ಆದದ್ದಕ್ಕೆ ಅವರೇ ಹೊಣೆ. ‘ನಾನು ಗಾಬರಿಯಾದೆ’ ಎಂದು ಹೇಳುವವರೂ ಇದ್ದಾರೆ, ತಪ್ಪೇನಿಲ್ಲ. ಆದರೆ ‘ನನಗೆ ಪ್ಯಾನಿಕ್ ಆಯಿತು’ ಎನ್ನುವವರು ಕಡಿಮೆ. ಇಂಗ್ಲಿಷ್ ಪದ ಬರುವಾಗ ತನ್ನ ವ್ಯಾಕರಣವನ್ನೂ ಜತೆಗೆ ತಂದಿದೆ.

ಇದು ಬರೀ ಪದದ ಚರ್ಚೆಯಾಗಿ ಉಳಿಯದಿರುವುದು ಜನಸಂದಣಿಯಲ್ಲಿ ಸಾವಾದಾಗ. ‘ಪ್ಯಾನಿಕ್‌ಗೆ ಒಳಗಾದ ಜನ ದಿಕ್ಕಾಪಾಲಾಗಿ ಓಡಿದಾಗ ಕಾಲ್ತುಳಿತ ಸಂಭವಿಸಿತು’ ಎಂಬುದು ಸಿದ್ಧ ವಾಕ್ಯ. ಇಂಗ್ಲಿಷಿನ ‘ಸ್ಟ್ಯಾಂಪೀಡ್’ ಕೂಡ ದನದ ಮಂದೆಯ ಮಾತೇ. ಮೆಕ್ಸಿಕೋದ ಸ್ಪ್ಯಾನಿಷಿನಿಂದ ಅಮೆರಿಕದ ದನಗಾಹಿಗಳ ಬಾಯಿಗೆ ಬಂದದ್ದು. ಎರಡು ಪದಗಳೂ ಸೇರಿ ಸತ್ತ ಮನುಷ್ಯರನ್ನು ಬೆದರಿದ ದನ ಮಾಡುತ್ತವೆ. ನಿಜದಲ್ಲಿ ಆಗುವುದು ಬೇರೆ. ಒಂದು ಚದರ ಮೀಟರ್ ಎಂದರೆ ಸುಮಾರು 11 ಚದರ ಅಡಿ, ಒಂಟಿ ಮಂಚದ ಅರ್ಧಕ್ಕಿಂತ ತುಸು ಹೆಚ್ಚು. ಅಷ್ಟು ಜಾಗದಲ್ಲಿ ಇಬ್ಬರು ಮೂವರಿದ್ದರೆ ನಡೆದುಕೊಂಡು ಹೋಗಬಹುದು. ನಾಲ್ಕೈದು ಮಂದಿಯಾದರೆ ಹೆಜ್ಜೆ ಕಟ್ಟುತ್ತದೆ. ಏಳರ ಹತ್ತಿರ ಬಂದರೆ ಯಾರೂ ತಮ್ಮ ಕಾಲಿನ ಬಲದಿಂದ ನಿಂತಿರುವುದಿಲ್ಲ, ಇಡೀ ಗುಂಪು ನೀರಿನಂತೆ ವರ್ತಿಸುತ್ತದೆ ಎಂದು ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್ ವಿವರಿಸಿದ್ದಾರೆ. ಹಿಂದಿನ ಒಂದು ಸಣ್ಣ ತಳ್ಳಾಟ ಅಲೆಯಾಗಿ ಮುಂದೆ ಬರುತ್ತದೆ, ಉಕ್ಕಿನ ಕಂಬಿ ಬಾಗುವಷ್ಟು ಒತ್ತಡ ಹುಟ್ಟುತ್ತದೆ. ಎದೆಗೂಡು ಹಿಗ್ಗಲು ಜಾಗವಿಲ್ಲದೆ, ನಿಂತಲ್ಲಿಯೇ, ಉಸಿರಾಡಲಾಗದೆ ಜನ ಸಾಯುತ್ತಾರೆ. ತುಳಿತದಿಂದ ಸಾಯುವವರಿಗಿಂತ ಹೀಗೆ ಸಾಯುವವರೇ ಹೆಚ್ಚು. ಓಡುವುದಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ.

ಹಿಂದಿನವರು ಕ್ರೂರಿಗಳೂ ಅಲ್ಲ, ಬುದ್ಧಿಗೆಟ್ಟವರೂ ಅಲ್ಲ. ಅವರಿಗೆ ಮುಂದಿನ ಸುದ್ದಿ ಮುಟ್ಟಿರುವುದಿಲ್ಲ. ಸಾಲು ಒಂದು ಗೇಣು ಸರಿದರೆ ಬಾಗಿಲು ತೆಗೆದರು ಎಂದುಕೊಂಡು ಅವರೂ ಒಂದು ಹೆಜ್ಜೆ ಇಡುತ್ತಾರೆ. ಇದು ದಿನವೂ ಬಸ್ ನಿಲ್ದಾಣದಲ್ಲಿ ಮಾಡುವ ಕೆಲಸ, ಅದರಲ್ಲಿ ಭಯದ ಲವಲೇಶವೂ ಇಲ್ಲ. ಚೀರಾಟ, ಕಂಬಿ ಹತ್ತುವುದು, ಒಬ್ಬರ ಮೇಲೊಬ್ಬರು ಬೀಳುವುದು ಎಲ್ಲ ಆಮೇಲಿನದು. ವರದಿಗಾರರು ಬರುವ ಹೊತ್ತಿಗೆ ಕಾಣುವುದು ಕೊನೆಯ ದೃಶ್ಯ, ಹಾಗಾಗಿ ಪರಿಣಾಮವನ್ನೇ ಕಾರಣವೆಂದು ಬರೆದುಬಿಡುತ್ತೇವೆ.

ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದಲ್ಲಿ 1989ರ ಏಪ್ರಿಲ್ 15ರಂದು ನಡೆದದ್ದು ಇದೇ. ಒಟ್ಟು 97 ಮಂದಿ ಸತ್ತರು. ಕೊನೆಯವರು ಅಂದಿನ ಗಾಯದಿಂದಲೇ 2021ರಲ್ಲಿ ತೀರಿಕೊಂಡರು. ಮೊದಲ ದಿನಗಳಲ್ಲಿ ಅಭಿಮಾನಿಗಳ ಮೇಲೆಯೇ ತಪ್ಪು ಹೊರಿಸಿದರು. ಪೊಲೀಸ್ ನಿಯಂತ್ರಣ ತಪ್ಪಿದ್ದೇ ಮುಖ್ಯ ಕಾರಣ ಎಂದು ನ್ಯಾಯಮೂರ್ತಿ ಟೇಲರ್ ವರದಿ ಅದೇ ವರ್ಷ ಹೇಳಿತು. ಅಭಿಮಾನಿಗಳ ನಡವಳಿಕೆ ಕಾರಣವಲ್ಲ, ಇದು ಕಾನೂನುಬಾಹಿರ ಹತ್ಯೆ ಎಂದು ಜ್ಯೂರಿ ತೀರ್ಪು ಕೊಟ್ಟದ್ದು 2016ರಲ್ಲಿ. ಒಂದು ತಪ್ಪು ಪದವನ್ನು ತೊಳೆಯಲು ಸತ್ತವರ ಮನೆಯವರು 27 ವರ್ಷ ಅಲೆದರು. ಬೆಂಗಳೂರಿನಲ್ಲಿ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಸತ್ತಾಗಲೂ ಎಲ್ಲರ ಬಾಯಲ್ಲಿ ಇದ್ದದ್ದು ‘ಕಾಲ್ತುಳಿತ’. ಈ ಪದ ಎಷ್ಟು ರೂಢಿಯಾಗಿದೆ ಎಂದರೆ ಅದನ್ನು ಕಿತ್ತುಹಾಕುವುದು ಕಷ್ಟ. ಆದರೆ ವರದಿಯ ಒಳಗಾದರೂ ‘ನೂಕುನುಗ್ಗಲಿನಲ್ಲಿ ಉಸಿರುಕಟ್ಟಿ’ ಎಂದು ಬರೆಯಬಹುದು. ‘ನೂಕುನುಗ್ಗಲು’ ಒಳ್ಳೆಯ ಪದ. ಒತ್ತಡವನ್ನು ಹೇಳುತ್ತದೆ, ಯಾರ ಬುದ್ಧಿಯ ಮೇಲೂ ಷರಾ ಬರೆಯುವುದಿಲ್ಲ. ಜತೆಗೆ ಒಂದು ಚೌಕದಲ್ಲಿ ಇದನ್ನು ಅಚ್ಚು ಮಾಡಿದರೆ ಜೀವ ಉಳಿದೀತು: ಗುಂಪಿನಲ್ಲಿ ಸಿಕ್ಕಿಕೊಂಡರೆ ಎರಡೂ ಮುಂಗೈಗಳನ್ನು ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಮಾಡಿಕೊಳ್ಳಿ. ಅಲೆಗೆ ಎದುರಾಗಿ ತಳ್ಳಬೇಡಿ. ಅಲೆ ತಗ್ಗಿದಾಗ ಓರೆಯಾಗಿ ಅಂಚಿನ ಕಡೆ ಸರಿಯಿರಿ. ಚಪ್ಪಲಿ, ಮೊಬೈಲ್ ಬಿದ್ದರೆ ಬಗ್ಗಬೇಡಿ. ಕೂಗಿ ಉಸಿರು ಕಳೆಯಬೇಡಿ.

ಜನ ನಿಜವಾಗಿ ಗಾಬರಿಯಿಂದ ಓಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಅದು ಅಪರೂಪ, ಅದಕ್ಕೆ ಇಂಥದ್ದೇ ಸಂದರ್ಭ ಬೇಕು. ಅಮೆರಿಕದ ಸಮಾಜವಿಜ್ಞಾನಿ ಎನ್ರಿಕೊ ಕ್ವಾರಂಟೆಲ್ಲಿ 1954ರಲ್ಲಿಯೇ ಇದನ್ನು ಬಿಡಿಸಿ ತೋರಿಸಿದರು. ತಪ್ಪಿಸಿಕೊಳ್ಳುವ ದಾರಿ ಪೂರ್ತಿ ಮುಚ್ಚಿದ್ದರೆ, ಗಣಿಯೊಳಗೆ ಸಿಕ್ಕಿಬಿದ್ದವರ ಹಾಗೆ, ಜನ ಓಡುವುದಿಲ್ಲ. ದಾರಿ ವಿಶಾಲವಾಗಿ ತೆರೆದಿದ್ದರೂ ಓಡುವುದಿಲ್ಲ. ದಾರಿ ಇದೆ, ಆದರೆ ಈಗಲೋ ಆಗಲೋ ಮುಚ್ಚಿಹೋಗುತ್ತದೆ ಎನಿಸಿದಾಗ ಓಡುತ್ತಾರೆ. ಹಾಗಾದರೆ ಕೆಲಸ ಮಾಡಬೇಕಾದದ್ದು ಬಾಗಿಲಿನ ಮೇಲೆ. ಇಂಗ್ಲೆಂಡಿನ ಸಂಡರ್‌ಲ್ಯಾಂಡ್‌ನ ವಿಕ್ಟೋರಿಯಾ ಹಾಲ್‌ನಲ್ಲಿ 1883ರ ಜೂನ್ 16ರಂದು 183 ಮಕ್ಕಳು ಮೆಟ್ಟಿಲ ಬುಡದ ಬಾಗಿಲಲ್ಲಿ ಒತ್ತಿಕೊಂಡು ಸತ್ತರು. ಬಾಗಿಲು ಒಳಕ್ಕೆ ತೆರೆಯುವಂಥದ್ದು, ಅದೂ ಒಂದೊಂದೇ ಮಗು ಹೊರಬರಲೆಂದು ಸ್ವಲ್ಪ ಮಾತ್ರ ತೆರೆದು ಚಿಲಕ ಹಾಕಿದ್ದರು. ಮಕ್ಕಳು ಓಡಿಬಂದದ್ದು ವೇದಿಕೆಯ ಬಳಿ ಹಂಚುತ್ತಿದ್ದ ಆಟಿಕೆಗಾಗಿ, ಹೆದರಿ ಅಲ್ಲ. ಷಿಕಾಗೊದ ಇರಾಕ್ವಾಯ್ ನಾಟಕಶಾಲೆಯಲ್ಲಿ 1903ರ ಡಿಸೆಂಬರ್ 30ರಂದು ಬೆಂಕಿ ಬಿದ್ದು 600ಕ್ಕೂ ಹೆಚ್ಚು ಮಂದಿ ಸತ್ತಾಗಲೂ ತೆರೆಯಲು ಬಾರದ ಬಾಗಿಲುಗಳಿದ್ದವು. ಸಿನಿಮಾ ಮಂದಿರಗಳಲ್ಲಿ, ಮಾಲ್‌ಗಳಲ್ಲಿ ಹೊರಬಾಗಿಲಿಗೆ ಅಡ್ಡಲಾಗಿ ಒಂದು ಪಟ್ಟಿ ಇರುತ್ತದಲ್ಲ, ಮೈ ತಾಗಿದರೂ ಸಾಕು ಬಾಗಿಲು ಹೊರಕ್ಕೆ ತೆರೆಯುತ್ತದೆ, ಅದು ಇಂಥ ಸಾವುಗಳ ನಂತರ ಬಂದದ್ದು. ಅದರ ಹೆಸರೂ ‘ಪ್ಯಾನಿಕ್ ಬಾರ್’. ಅದಕ್ಕೆ ಹೊರಗಿನಿಂದ ಬೀಗ ಜಡಿಯುವ ನಮ್ಮ ಅಭ್ಯಾಸದ ಬಗ್ಗೆ ನಿಮ್ಮ ನಗರ ವರದಿಗಾರರು ಎಷ್ಟು ಬರೆದರೂ ಕಡಿಮೆ.

ಬ್ಯಾಂಕಿನ ವಿಷಯದಲ್ಲಿ ಅನ್ಯಾಯ ಇನ್ನೊಂದು ಬಗೆಯದು. ಇಂಗ್ಲಿಷಿನಲ್ಲಿ ಹಣಕಾಸಿನ ಬಿಕ್ಕಟ್ಟಿಗೆ ‘ಪ್ಯಾನಿಕ್’ ಎಂಬ ಹೆಸರು 18ನೇ ಶತಮಾನದಿಂದಲೂ ಇದೆ. 1907ರ ಪ್ಯಾನಿಕ್ ಹೆಸರಾಂತದ್ದು: ಅಕ್ಟೋಬರ್ 22ರಂದು ನ್ಯೂಯಾರ್ಕಿನ ನಿಕರ್‌ಬಾಕರ್ ಟ್ರಸ್ಟ್ ಮೂರು ಗಂಟೆಯೊಳಗೆ ಸುಮಾರು 80 ಲಕ್ಷ ಡಾಲರ್ ಕೊಟ್ಟು ಕಿಟಕಿ ಮುಚ್ಚಿತು. ಯಾವ ಬ್ಯಾಂಕೂ ಎಲ್ಲರ ಠೇವಣಿಯನ್ನು ಒಂದೇ ದಿನ ಕೊಡಲಾರದು. ಸಾಲಿನಲ್ಲಿ ಮೊದಲು ನಿಂತವರಿಗೆ ಹಣ, ಕೊನೆಯವರಿಗೆ ಕೈ ಖಾಲಿ. ಹೀಗಿರುವಾಗ ಬೇಗ ಹೋಗಿ ನಿಲ್ಲುವುದು ಲೆಕ್ಕ ಬಲ್ಲವರ ಕೆಲಸವೇ. ಬ್ಯಾಂಕಿನತ್ತ ಈ ಓಟ ನಿಲ್ಲಿಸುವುದು ಉಪದೇಶವಲ್ಲ, ವಿಮೆ. ನಮ್ಮ ದೇಶದಲ್ಲಿ ಠೇವಣಿ ವಿಮೆ 1962ರಿಂದ ಇದೆ. 2020ರ ಫೆಬ್ರುವರಿ 4ರಿಂದ ಮಿತಿ ಅಸಲು, ಬಡ್ಡಿ ಎರಡೂ ಸೇರಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿ. ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದ ಬ್ಯಾಂಕಿನ ಠೇವಣಿದಾರರಿಗೆ 90 ದಿನದಲ್ಲಿ ಈ ಮೊತ್ತ ಸಿಗಬೇಕು ಎಂದು 2021ರ ತಿದ್ದುಪಡಿ ಹೇಳುತ್ತದೆ. ಬ್ಯಾಂಕ್ ಲೈಸೆನ್ಸ್ ಇಲ್ಲದ ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಪತ್ತಿನ ಸಂಘಗಳಿಗೆ, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಈ ವಿಮೆ ಇಲ್ಲ. ಅಲ್ಲಿ ಹಣ ಇಟ್ಟವರು ಸುದ್ದಿ ಕೇಳಿ ಓಡಿಬಂದರೆ ‘ವದಂತಿ ನಂಬಿ ಪ್ಯಾನಿಕ್ ಆದರು’ ಎನ್ನುವ ಮೊದಲು ಅವರ ಠೇವಣಿಗೆ ವಿಮೆ ಇದೆಯೆ ಎಂದು ಪತ್ರಿಕೆ ವಿಚಾರಿಸಲಿ. ‘ಠೇವಣಿ ವಾಪಸಿಗೆ ಮುಗಿಬಿದ್ದ ಜನ’ ಎಂದರೆ ಕಂಡದ್ದನ್ನಷ್ಟೇ ಹೇಳಿದಂತಾಯಿತು. ‘ಪ್ಯಾನಿಕ್ ಬೈಯಿಂಗ್’ಗೂ ಇದೇ ‘ಮುಗಿಬಿದ್ದು ಖರೀದಿ’ ಸಾಕು.

ಪದ ತನ್ನ ಮೂಲಾರ್ಥಕ್ಕೆ ನಿಷ್ಠವಾಗಿರುವುದು ಆಸ್ಪತ್ರೆಯಲ್ಲಿ ಮಾತ್ರ. ಪ್ಯಾನಿಕ್ ಅಟ್ಯಾಕ್ ಬಂದವರ ಎದುರು ಹುಲಿಯೂ ಇರುವುದಿಲ್ಲ, ಬೆಂಕಿಯೂ ಇರುವುದಿಲ್ಲ. ಎದೆಬಡಿತ, ಬೆವರು, ನಡುಕ, ಉಸಿರು ಸಾಲದು ಎನಿಸುವುದು, ಗಂಟಲು ಕಟ್ಟುವುದು, ಎದೆನೋವು, ಹೊಟ್ಟೆ ತೊಳಸುವುದು, ತಲೆ ತಿರುಗುವುದು, ಚಳಿ ಅಥವಾ ಸೆಕೆ, ಬೆರಳು ಜುಮ್ಮೆನ್ನುವುದು, ಸುತ್ತಲಿನದೆಲ್ಲ ಕನಸಿನಂತೆ ಕಾಣುವುದು, ಹುಚ್ಚು ಹಿಡಿಯುತ್ತದೆ ಅಥವಾ ಸಾಯುತ್ತೇನೆ ಎಂಬ ದಿಗಿಲು. ವೈದ್ಯರು ಎಣಿಸುವ 13 ಲಕ್ಷಣಗಳಲ್ಲಿ ನಾಲ್ಕಾದರೂ ಒಟ್ಟಿಗೆ ಹಠಾತ್ತಾಗಿ ಎದ್ದು ಕೆಲವೇ ನಿಮಿಷದಲ್ಲಿ ತುದಿ ಮುಟ್ಟಬೇಕು. ಒಮ್ಮೆ ಬಂದರೆ ಅದು ರೋಗವಲ್ಲ. ಮತ್ತೆ ಮತ್ತೆ ಬಂದು, ಇನ್ನೊಮ್ಮೆ ಬಂದೀತೆಂಬ ಚಿಂತೆ ಒಂದು ತಿಂಗಳಾದರೂ ಕಾಡಿದರೆ, ಇಲ್ಲವೇ ಅಷ್ಟು ಕಾಲ ಅದಕ್ಕಾಗಿ ಬಸ್ಸು, ಸಂತೆ ಬಿಡತೊಡಗಿದರೆ ಆಗ ‘ಪ್ಯಾನಿಕ್ ಡಿಸಾರ್ಡರ್’. ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಬೇರೆ ಕಾಯಿಲೆಯೆಂದು ಗುರುತಿಸಿದ್ದು 1980ರಲ್ಲಿ.

ಇಲ್ಲಿ ಕನ್ನಡ ಓದುಗರಿಗೆ ಆಗುವ ಗೊಂದಲ ‘ಅಟ್ಯಾಕ್’ ಪದದಿಂದ. ‘ಅವರಿಗೆ ಅಟ್ಯಾಕ್ ಆಯಿತಂತೆ’ ಎಂದರೆ ನಮ್ಮಲ್ಲಿ ಒಂದೇ ಅರ್ಥ, ಹೃದಯಾಘಾತ. ‘ಭೀತಿ ದಾಳಿ’ ಎಂಬ ಅನುವಾದ ಯಾರಿಗೂ ತಲುಪುವುದಿಲ್ಲ, ಯಾರೋ ದಾಳಿ ಮಾಡಿದಂತೆ ಕೇಳುತ್ತದೆ. ಮೊದಲ ಸಲ ‘ಪ್ಯಾನಿಕ್ ಅಟ್ಯಾಕ್’ ಎಂದೇ ಬರೆದು (ಡಾಕ್ಟರ ಹತ್ತಿರ ಹೇಳಲು ಓದುಗರಿಗೆ ಆ ಹೆಸರು ಬೇಕು), ನಂತರ ‘ಹಠಾತ್ ಗಾಬರಿ’ ಎಂದು ಮುಂದುವರಿಸುವುದು ಒಳ್ಳೆಯದು. ಎದೆನೋವು ಮೊದಲ ಸಲ ಬಂದವರು ಇದು ಗಾಬರಿ ಎಂದು ತಾವೇ ತೀರ್ಮಾನಿಸಬಾರದು, ಇಸಿಜಿ ಮಾಡಿಸಲೇಬೇಕು ಎಂಬ ಸಾಲು ಇಂಥ ಪ್ರತಿ ಲೇಖನದಲ್ಲೂ ಇರಲಿ. ಕಾಗದದ ಚೀಲದಲ್ಲಿ ಉಸಿರಾಡುವ ಹಳೆಯ ಸಲಹೆಯನ್ನು ಅಚ್ಚು ಮಾಡಬೇಡಿ: ತೊಂದರೆ ಹೃದಯದ್ದೋ ಆಸ್ತಮಾದ್ದೋ ಆಗಿದ್ದರೆ ಅದು ಪ್ರಾಣಕ್ಕೆ ಕುತ್ತು. ಬೆರಳು ಜುಮ್ಮೆನ್ನುವುದು, ತಲೆ ತಿರುಗುವುದು ಬರುವುದೇ ಬೇಗ ಬೇಗ ಉಸಿರಾಡಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುವುದರಿಂದ. ಆದ್ದರಿಂದ ಒಳಗೆ 4 ಎಣಿಕೆ, ಹೊರಗೆ 6 ಎಣಿಕೆಯಷ್ಟು ನಿಧಾನವಾಗಿ ಮೂಗಿನಲ್ಲಿ ಉಸಿರಾಡಿದರೆ ಇಳಿಮುಖವಾಗುತ್ತದೆ. ಮಾತಿನ ಚಿಕಿತ್ಸೆ, ಮಾತ್ರೆ ಎರಡೂ ಫಲಕಾರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ‘ಸುಮ್ಮನೆ ಹೆದರ್ತೀಯ, ಏನೂ ಆಗಿಲ್ಲ’ ಎಂದು ಮನೆಯವರು ಹೇಳುವುದೂ ಪ್ಯಾನನ ಕಾಲದ ಆರೋಪವೇ. ಕಾರಣ ಹೊರಗೆ ಇಲ್ಲದಿರಬಹುದು, ಮೈಯೊಳಗಿನ ಸಂಕಟ ಸುಳ್ಳಲ್ಲ.

ಬಸ್ಸು, ಟ್ಯಾಕ್ಸಿಗಳ ಕೆಂಪು ಗುಂಡಿಯ ಬಗ್ಗೆ ಚಿಕ್ಕ ಮಾತು. ಅಪಾಯ ಕಂಡ ಹೆಣ್ಣುಮಗಳು ಅದನ್ನು ಒತ್ತಿದರೆ ಅವಳು ಆ ವಾಹನದಲ್ಲಿರುವ ಎಲ್ಲರಿಗಿಂತ ಹೆಚ್ಚು ಬುದ್ಧಿ ನೆಟ್ಟಗೆ ಇಟ್ಟುಕೊಂಡವಳು. ಅವಳ ಕೈಯಲ್ಲಿ ‘ಪ್ಯಾನಿಕ್ ಬಟನ್’ ಯಾಕೆ? 2019ರ ಜನವರಿ 1ರಿಂದ ನೋಂದಣಿಯಾಗುವ ಸಾರ್ವಜನಿಕ ಸೇವೆಯ ಪ್ರಯಾಣಿಕ ವಾಹನಗಳಿಗೆ (ಆಟೊ, ಇ-ರಿಕ್ಷಾ ಬಿಟ್ಟು) ಇದನ್ನು ಕಡ್ಡಾಯ ಮಾಡಿದ ಕೇಂದ್ರ ಮೋಟಾರು ವಾಹನ ನಿಯಮವೇ ಇದನ್ನು ‘ಎಮರ್ಜೆನ್ಸಿ ಬಟನ್’ ಎಂದು ಕರೆಯುತ್ತದೆ. ಹಾಗಾಗಿ ‘ತುರ್ತು ಗುಂಡಿ’ ಎಂದರೆ ಕಾನೂನಿಗೂ ಸರಿ, ಕನ್ನಡಕ್ಕೂ ಸರಿ. ಮೊಬೈಲ್ ಫೋನಿನ 2016ರ ನಿಯಮದಲ್ಲಿ ಮಾತ್ರ ‘ಪ್ಯಾನಿಕ್ ಬಟನ್’ ಎಂದೇ ಇದೆ. ಅದನ್ನೂ ‘ತುರ್ತು ಕರೆ’ ಎಂದು ಬರೆಯಿರಿ; ಬಟನ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯಬೇಕು, ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗ ಬೇಗ ಮೂರು ಸಲ ಒತ್ತಬೇಕು ಎಂಬುದನ್ನೂ ಸೇರಿಸಿ. ಕೆಲವು ಫೋನುಗಳಲ್ಲಿ ಐದು ಸಲ ಒತ್ತಬೇಕಾಗುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಮೊದಲೇ ನೋಡಿಟ್ಟುಕೊಳ್ಳಬೇಕು. ಕರೆ ಹೋಗುವುದು 112ಕ್ಕೆ.

ಕೊನೆಗೆ, ಎಲ್ಲ ಅಧಿಕಾರಿಗಳ ಹೇಳಿಕೆಯಲ್ಲೂ ಇರುವ ‘ಸಾರ್ವಜನಿಕರು ಪ್ಯಾನಿಕ್ ಆಗುವ ಅಗತ್ಯವಿಲ್ಲ’. ಇದನ್ನು ತಲೆಬರಹ ಮಾಡಿದರೆ ಓದುಗರಿಗೆ ಸಿಗುವುದು ಒಂದೇ ಸುದ್ದಿ: ಗಾಬರಿಪಡುವಂಥದ್ದು ಏನೋ ಇದೆ. 2012ರ ಆಗಸ್ಟ್‌ನಲ್ಲಿ ಮೊಬೈಲಿನಲ್ಲಿ ಬೆದರಿಕೆಯ ಸಂದೇಶಗಳು ಹರಿದಾಡಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದಾಗ ಹೆದರಬೇಡಿ ಎನ್ನುವ ಭರವಸೆಗೆ ಕೊರತೆ ಇರಲಿಲ್ಲ. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಸಗಟು ಎಸ್‌ಎಂಎಸ್‌ಗಳನ್ನು ದಿನಕ್ಕೆ ಐದಕ್ಕೆ ಮಿತಿಗೊಳಿಸಿ 15 ದಿನದ ಆದೇಶ ಹೊರಟಿತು. ಮೊಬೈಲಿಗೆ ಬಂದ ಬೆದರಿಕೆ ಸುಳ್ಳಿರಬಹುದು, ಆದರೆ ಹಿಂದಿನ ತಿಂಗಳಷ್ಟೇ ಅಸ್ಸಾಮಿನ ಕೊಕ್ರಝಾರ್ ಸೀಮೆಯ ಗಲಭೆಯಲ್ಲಿ ಮನೆಗಳು ಉರಿದದ್ದು ಸುಳ್ಳಲ್ಲ. ಅದನ್ನು ‘ಪ್ಯಾನಿಕ್’ ಎಂದು ಬರೆದವರು ಅರ್ಧ ಸುದ್ದಿ ಬರೆದರು.

ಆದ್ದರಿಂದ ನಿಮ್ಮ ಸುದ್ದಿಮನೆಗೆ ನನ್ನ ಬೇಡಿಕೆ ಇಷ್ಟು. ‘ಗಾಬರಿಪಡಬೇಡಿ’ ಎಂದ ಅಧಿಕಾರಿಯನ್ನು ಮುಂದಿನ ಪ್ರಶ್ನೆ ಕೇಳದೆ ಬಿಡಬೇಡಿ: ಏನಾಗಿದೆ, ಎಲ್ಲಿ, ಯಾವ ದಾರಿ ತೆರೆದಿದೆ, ಯಾವ ನಂಬರಿಗೆ ಫೋನ್ ಮಾಡಬೇಕು, ಮುಂದಿನ ಮಾಹಿತಿ ಎಷ್ಟು ಗಂಟೆಗೆ? ಜನಸಂದಣಿಯ ದುರಂತದ ಪ್ರತಿಯಲ್ಲಿ ‘ಪ್ಯಾನಿಕ್’ ಎಂದು ಬಂದರೆ ಆ ಸಾಲನ್ನು ಹೊಡೆದು, ಬಾಗಿಲು ಎಷ್ಟು ಅಡಿ ಅಗಲವಿತ್ತು, ಒಳಕ್ಕೆ ತೆರೆಯುತ್ತಿತ್ತೋ ಹೊರಕ್ಕೋ, ಎಷ್ಟು ಮುಂಚೆ ತೆರೆದರು, ಮೈಕಿನಲ್ಲಿ ಯಾವ ಭಾಷೆಯಲ್ಲಿ ಏನು ಹೇಳಿದರು, ಅದು ಹಿಂದಿನ ಸಾಲಿಗೆ ಕೇಳಿಸಿತೆ ಎಂಬುದನ್ನು ವರದಿಗಾರರಿಂದ ತರಿಸಿ ಆ ಜಾಗದಲ್ಲಿ ಅಚ್ಚು ಮಾಡಿ.

ಇಂತಿ,
ನಿಮ್ಮ ಓದುಗ, ಧಾರವಾಡ